ಕಿಲೋಮೀಟರ್ ಹೆಚ್ಚು, ತಲೆ ಕಡಿಮೆ: ಪೆಸಿಫಿಕ್ ದ್ವೀಪಗಳ ಕೇಬಲ್ ಲೆಕ್ಕ

2022ರ ಜನವರಿ 15ರ ಸಂಜೆ, ಟೊಂಗಾ ದೇಶದ ರಾಜಧಾನಿ ನುಕುಅಲೋಫಾದಿಂದ ಸುಮಾರು 65 ಕಿ.ಮೀ. ದೂರದ ಸಮುದ್ರದಲ್ಲಿ ಹುಂಗಾ ಟೊಂಗಾ–ಹುಂಗಾ ಹಾಪೈ ಜ್ವಾಲಾಮುಖಿ ಸಿಡಿಯಿತು. ದೇಶವನ್ನು ಫಿಜಿಯ ಮೂಲಕ ಹೊರಜಗತ್ತಿಗೆ ಜೋಡಿಸಿದ್ದ ಸಮುದ್ರತಳದ ಕೇಬಲ್ ಒಂದೇ ಒಂದು; ಉದ್ದ 827 ಕಿ.ಮೀ. ಅದು ತುಂಡಾಯಿತು. ದುರಸ್ತಿ ಹಡಗು ಸುಮಾರು 90 ಕಿ.ಮೀ. ಕೇಬಲ್ ಬದಲಿಸಿದ ಮೇಲೆ ಫೆಬ್ರುವರಿ 22ರಂದು ಸಂಪರ್ಕ ಮರಳಿತು. ನಡುವೆ ಕಳೆದದ್ದು 38 ದಿನ, ಅಂದರೆ ವರ್ಷದ ಶೇ. 10.4. ಟೊಂಗಾದ ಜನಸಂಖ್ಯೆ ಸುಮಾರು 1 ಲಕ್ಷ.

ಆ 38 ದಿನಗಳ ಬೆಲೆ ಅರಿಯಲು ಇನ್ನೊಂದು ಅಂಕಿ ಬೇಕು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ದುಡಿಯುವ ಟೊಂಗಾದವರು ಮನೆಗೆ ಕಳಿಸುವ ಹಣ ಆ ದೇಶದ ಒಟ್ಟು ದೇಶೀಯ ಉತ್ಪನ್ನದ ಶೇ. 40ಕ್ಕೂ ಹೆಚ್ಚು. ಭಾರತದಲ್ಲಿ ಇದೇ ಬಾಬ್ತು ಶೇ. 3ರ ಆಸುಪಾಸು. ಹಣ ರವಾನೆಯ ವ್ಯವಸ್ಥೆ ನಡೆಯುವುದು ಕೇಬಲ್ ಮೇಲೆ. ದುರಂತದ ಮಾರನೆಯ ದಿನ ಹಣದ ಅಗತ್ಯ ಎಂದಿಗಿಂತ ಹೆಚ್ಚಿತ್ತು. ಹಣ ಬರುವ ದಾರಿ ಅಂದೇ ಮುಚ್ಚಿತ್ತು.

ಟೊಂಗಾಕ್ಕೆ ಎರಡನೆಯ ಕೇಬಲ್ ಏಕಿರಲಿಲ್ಲ ಎಂಬುದಕ್ಕೆ ಉತ್ತರ ಕೇಬಲ್‌ನ ವೆಚ್ಚದ ಸ್ವರೂಪದಲ್ಲೇ ಇದೆ. ಆಳಸಮುದ್ರದ ಕೇಬಲ್ ಎರಡು ಸೆಂಟಿಮೀಟರ್ ದಪ್ಪದ್ದು. ಒಳಗೆ ಕೂದಲೆಳೆಯಂಥ ಗಾಜಿನ ತಂತುಗಳು; ಬೆಳಕಿನ ಸಂಕೇತ ಸೊರಗದಂತೆ 60ರಿಂದ 100 ಕಿ.ಮೀ.ಗೆ ಒಂದರಂತೆ ವರ್ಧಕ ಯಂತ್ರಗಳು. ಇವನ್ನು ರಿಪೀಟರ್ ಎನ್ನುತ್ತಾರೆ. ಖರ್ಚು ಏರುವುದು ಉದ್ದದ ಮೇಲೆ, ವರ್ಧಕಗಳ ಸಂಖ್ಯೆಯ ಮೇಲೆ, ಕೇಬಲ್ ದಡ ಸೇರುವ ತಾಣಗಳ ಮೇಲೆ, ಹಡಗಿನ ದಿನಬಾಡಿಗೆಯ ಮೇಲೆ. ಆ ತುದಿಯಲ್ಲಿ ಬಳಕೆದಾರರು 10 ಸಾವಿರವೋ 1 ಕೋಟಿಯೋ, ಹಾಸುವ ಖರ್ಚು ಹೆಚ್ಚುಕಡಿಮೆ ಒಂದೇ. ಪೆಸಿಫಿಕ್‌ನಲ್ಲಿ ಕಿಲೋಮೀಟರ್ ಹೆಚ್ಚು, ತಲೆ ಕಡಿಮೆ. ಮಾರುಕಟ್ಟೆ ಅಲ್ಲಿಗೆ ತಾನಾಗಿ ಹೋಗದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ನಮ್ಮ ಪಡುವಣ ಕಡಲಿನಲ್ಲೇ ಇದರ ಅಳತೆಗೋಲು ಸಿಗುತ್ತದೆ. 2024ರ ಜನವರಿ 3ರಂದು ಉದ್ಘಾಟನೆಯಾದ ಕೊಚ್ಚಿ–ಲಕ್ಷದ್ವೀಪ ಕೇಬಲ್‌ನ ಉದ್ದ 1,868 ಕಿ.ಮೀ., ವೆಚ್ಚ 1,072 ಕೋಟಿ ರೂ. ಕಿಲೋಮೀಟರಿಗೆ 57.4 ಲಕ್ಷ ರೂ. ಆಯಿತು. 2011ರ ಜನಗಣತಿಯಂತೆ ಲಕ್ಷದ್ವೀಪದಲ್ಲಿ 64,473 ಜನ. ತಲಾ ವೆಚ್ಚ 1,66,271 ರೂ. ಕೇಬಲ್ ಮುಟ್ಟಿದ 11 ದ್ವೀಪಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿವೆ. ಈ ಐದೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಮೊದಲು ಇಡೀ ಲಕ್ಷದ್ವೀಪಕ್ಕೆ ಉಪಗ್ರಹದಿಂದ ಸಿಗುತ್ತಿದ್ದದ್ದು ಸೆಕೆಂಡಿಗೆ 1.7 ಗಿಗಾಬಿಟ್, ತಲೆಗೆ 26 ಕಿಲೋಬಿಟ್. ಈಗ 200 ಗಿಗಾಬಿಟ್, ತಲೆಗೆ 3,100 ಕಿಲೋಬಿಟ್. ಹೆಚ್ಚಳ 118 ಪಟ್ಟು.

2020ರ ಆಗಸ್ಟ್ 10ರಂದು ಆರಂಭವಾದ ಚೆನ್ನೈ–ಅಂಡಮಾನ್ ಕೇಬಲ್ ಇದಕ್ಕಿಂತ ಉದ್ದ, 2,312 ಕಿ.ಮೀ.; ವೆಚ್ಚ 1,224 ಕೋಟಿ ರೂ. ಕಿಲೋಮೀಟರಿಗೆ 52.9 ಲಕ್ಷ ರೂ. ಎಂದರೆ ಎರಡು ಕೇಬಲ್‌ಗಳ ನಡುವಿನ ಅಂತರ ಶೇ. 8 ಮಾತ್ರ. ಆದರೆ ಅಂಡಮಾನ್–ನಿಕೋಬಾರ್‌ನಲ್ಲಿ 3,80,581 ಜನ ಇರುವುದರಿಂದ ತಲಾ ವೆಚ್ಚ 32,161 ರೂ., ಲಕ್ಷದ್ವೀಪದ ಐದನೇ ಒಂದು ಭಾಗ. ಕಿಲೋಮೀಟರಿನ ದರ ಹೆಚ್ಚು ಬದಲಾಗಲಿಲ್ಲ, ತಲೆಯ ದರ ಐದು ಪಟ್ಟು ಬದಲಾಯಿತು.

ಎರಡೂ ಕೇಬಲ್‌ಗಳ ಒಟ್ಟು ಮೊತ್ತ 2,296 ಕೋಟಿ ರೂ. ಇದನ್ನು 2011ರ ಭಾರತದ 121 ಕೋಟಿ ಜನರಿಗೆ ಹಂಚಿದರೆ ತಲೆಗೆ 19 ರೂ. ಹಣ ಬಂದದ್ದು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯಿಂದ. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ ಶೇ. 5ರಷ್ಟನ್ನು ಈ ನಿಧಿಗೆ ಕಟ್ಟುತ್ತವೆ; ಮಾರುಕಟ್ಟೆ ಹೋಗದ ಕಡೆಗೆ ಸಂಪರ್ಕ ಒಯ್ಯುವುದು ನಿಧಿಯ ಕೆಲಸ. ಹುಬ್ಬಳ್ಳಿಯಲ್ಲೋ ಕೋಲಾರದಲ್ಲೋ ಮೊಬೈಲ್ ರೀಚಾರ್ಜ್ ಮಾಡಿಸಿದವರ ಹಣದ ಒಂದು ಪಾಲು ಲಕ್ಷದ್ವೀಪದ ಕವರತ್ತಿಯ ಶಾಲೆಗೆ ಸಂಪರ್ಕವಾಗಿ ತಲುಪಿದೆ. ಇದು ಒಳ್ಳೆಯ ವ್ಯವಸ್ಥೆ ಎಂದೇ ನನ್ನ ಎಣಿಕೆ. ಇದು ಸಾಧ್ಯವಾದದ್ದು 64 ಸಾವಿರ ಜನರ ಹಿಂದೆ 121 ಕೋಟಿ ಜನರ ಒಂದೇ ಬೊಕ್ಕಸ ಇದ್ದುದರಿಂದ.

ಪೆಸಿಫಿಕ್‌ನಲ್ಲಿ ಅಂಥ ಬೊಕ್ಕಸ ಇಲ್ಲ. ಅಲ್ಲಿ ಕೂಡಿಸಬೇಕಾದದ್ದು ಬೇರೆ ಬೇರೆ ದೇಶಗಳ ಹಣ. ಪ್ರಾದೇಶಿಕ ಸಹಕಾರ ಎಂಬ ಮಾತು ಅಲ್ಲಿ ಸಮ್ಮೇಳನದ ಘೋಷಣೆಯಾಗಿ ಉಳಿದಿಲ್ಲ. ಕೇಬಲ್ ಬರುತ್ತದೋ ಇಲ್ಲವೋ ಎಂಬುದನ್ನು ಅದೇ ನಿರ್ಧರಿಸುತ್ತದೆ. ಮುಂದಿನ ಲೆಕ್ಕಗಳಲ್ಲಿ ಡಾಲರ್ ಎಂದರೆ ಅಮೆರಿಕನ್ ಡಾಲರ್, ದರ 85 ರೂ.; ಆಸ್ಟ್ರೇಲಿಯನ್ ಡಾಲರಿಗೆ 55 ರೂ. ಹಿಡಿದಿದ್ದೇನೆ. ತಲಾ ಅಂಕಿಗಳು ಹಾಸುವ ಖರ್ಚಿನವು. ನಿರ್ವಹಣೆ, ದುರಸ್ತಿ ಅವುಗಳಲ್ಲಿ ಸೇರಿಲ್ಲ.

ಮೊದಲು ಪೂರ್ವ ಮೈಕ್ರೋನೇಷ್ಯಾ ಕೇಬಲ್. ಮೈಕ್ರೋನೇಷ್ಯಾ ಒಕ್ಕೂಟದ ಕೊಸ್ರೇ, ನೌರು ದೇಶ, ಕಿರಿಬಾಸ್‌ನ ತರಾವಾ ಈ ಮೂರನ್ನು ಪೋನ್‌ಪೇ ದ್ವೀಪದ ಹಳೆಯ ಕೇಬಲ್‌ಗೆ ಜೋಡಿಸುವ ಯೋಜನೆ ಇದು. ಉದ್ದ 2,250 ಕಿ.ಮೀ., ವೆಚ್ಚ 9.5 ಕೋಟಿ ಡಾಲರ್, ಪ್ರಯೋಜನ ಪಡೆಯುವವರು ಸುಮಾರು 1 ಲಕ್ಷ. ತಲೆಗೆ 950 ಡಾಲರ್, ಅಂದರೆ 80,750 ರೂ.; ಕಿಲೋಮೀಟರಿಗೆ 42,222 ಡಾಲರ್, ಅಂದರೆ 35.9 ಲಕ್ಷ ರೂ. ಹಣ ಕೊಟ್ಟವರು ಆಸ್ಟ್ರೇಲಿಯಾ, ಅಮೆರಿಕ, ಜಪಾನ್. ಸಮುದ್ರ ಕೇಬಲ್‌ನ ವಿನ್ಯಾಸ ಆಯುಷ್ಯ 25 ವರ್ಷ. ಅದಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ 38 ಡಾಲರ್. ಲಕ್ಷದ್ವೀಪದಲ್ಲಿ ಇದೇ ಲೆಕ್ಕ ವರ್ಷಕ್ಕೆ 6,651 ರೂ., ಇಲ್ಲಿ 3,230 ರೂ. ಮೂರು ದೇಶಗಳ ಜನ ಒಂದೇ ಕೇಬಲ್ ಹಂಚಿಕೊಂಡದ್ದರಿಂದ ತಲಾ ಹೊರೆ ನಮ್ಮ ದ್ವೀಪದ ಅರ್ಧಕ್ಕಿಳಿಯಿತು.

ಸಹಕಾರ ಮುರಿದುಬಿದ್ದರೆ ಎಷ್ಟು ಖರ್ಚಾಗುತ್ತದೆ ಎಂಬ ಅಂಕಿಯೂ ಇದೇ ಯೋಜನೆಯಲ್ಲಿದೆ. ಮೊದಲ ಟೆಂಡರ್ ಕರೆದಾಗ ವಿಶ್ವ ಬ್ಯಾಂಕ್ ಮುಂಚೂಣಿಯಲ್ಲಿತ್ತು. ಯೋಜನೆಯ ಮೊತ್ತ 7.26 ಕೋಟಿ ಡಾಲರ್. ಬಿಡ್ ಮಾಡಿದವು ಮೂರು ಕಂಪನಿಗಳು, ಅವುಗಳಲ್ಲಿ ಒಂದು ಚೀನಾದ್ದು. ಅದರ ಬಗ್ಗೆ ಅಮೆರಿಕ ಭದ್ರತೆಯ ಆಕ್ಷೇಪ ಎತ್ತಿತು. 2021ರಲ್ಲಿ ಮೂರೂ ಬಿಡ್‌ಗಳು ಷರತ್ತಿಗೆ ಹೊಂದುವುದಿಲ್ಲ ಎಂದು ಟೆಂಡರ್ ಕೈಬಿಡಲಾಯಿತು. ಹೊಸ ಒಪ್ಪಂದಕ್ಕೆ ಸಹಿ ಬಿದ್ದದ್ದು 2023ರ ಜೂನ್‌ನಲ್ಲಿ, ಜಪಾನಿನ ಎನ್‌ಇಸಿ ಕಂಪನಿಯೊಂದಿಗೆ. ಎರಡು ವರ್ಷ ಕಳೆಯಿತು, ಮೊತ್ತ 2.24 ಕೋಟಿ ಡಾಲರ್, ಅಂದರೆ ಶೇ. 31 ಏರಿತು. ತಲೆಗೆ 224 ಡಾಲರ್. ಭದ್ರತೆಯ ಚಿಂತೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆ ಚಿಂತೆಗೆ ಎರಡು ವರ್ಷದ ಕಾಯುವಿಕೆಯನ್ನು ತೆತ್ತದ್ದು ತರಾವಾದ ಆಸ್ಪತ್ರೆ, ನೌರುವಿನ ಶಾಲೆ. ಅದನ್ನು ಯಾವ ಒಪ್ಪಂದದ ಲೆಕ್ಕಪತ್ರದಲ್ಲೂ ಬರೆಯುವುದಿಲ್ಲ.

ಕೋರಲ್ ಸೀ ಕೇಬಲ್‌ನ ಕಥೆಯಲ್ಲೂ ಇದೇ ತಿರುವು ಇದೆ. ಸಾಲೊಮನ್ ದ್ವೀಪಗಳು 2017ರಲ್ಲಿ ಹುವಾವೇ ಕಂಪನಿಯ ಸಮುದ್ರ ಕೇಬಲ್ ಘಟಕದೊಂದಿಗೆ ಒಪ್ಪಂದ ಮಾಡಿಕೊಂಡಿದ್ದವು. ಬಳಿಕ ಆಸ್ಟ್ರೇಲಿಯಾ ಯೋಜನೆಯನ್ನು ತಾನೇ ಕೈಗೆತ್ತಿಕೊಂಡು ಸಿಡ್ನಿಯಿಂದ ಪಪುವಾ ನ್ಯೂ ಗಿನಿಯ ಪೋರ್ಟ್ ಮೋರ್ಸ್‌ಬಿಗೂ ಸಾಲೊಮನ್‌ನ ಹೊನಿಯಾರಾಕ್ಕೂ ಸುಮಾರು 4,700 ಕಿ.ಮೀ. ಕೇಬಲ್ ಹಾಸಿತು. 13.7 ಕೋಟಿ ಆಸ್ಟ್ರೇಲಿಯನ್ ಡಾಲರ್ ವೆಚ್ಚದಲ್ಲಿ ಸುಮಾರು ಮೂರನೇ ಎರಡು ಪಾಲು ಆಸ್ಟ್ರೇಲಿಯಾದ್ದು. ಕಿಲೋಮೀಟರಿಗೆ 29,149 ಆಸ್ಟ್ರೇಲಿಯನ್ ಡಾಲರ್, ಅಂದರೆ 16 ಲಕ್ಷ ರೂ.; ಲಕ್ಷದ್ವೀಪದ ದರದ ಶೇ. 28. ಅಲ್ಲಿ 11 ದ್ವೀಪಗಳಲ್ಲಿ ದಡ ಹತ್ತಬೇಕಿತ್ತು, ಪ್ರತಿ ದಡಕ್ಕೂ ಒಂದು ಠಾಣೆ ಬೇಕಿತ್ತು. ಇಲ್ಲಿ ಮುಖ್ಯ ದಡಗಳು ಮೂರು.

ಕೋರಲ್ ಸೀ ಕೇಬಲ್‌ನ ತಲಾ ವೆಚ್ಚ ಈ ಬರಹದ ಕೇಬಲ್‌ಗಳಲ್ಲೇ ಅತಿ ಕಡಿಮೆ. ಪಪುವಾ ನ್ಯೂ ಗಿನಿಯ ಸುಮಾರು 1 ಕೋಟಿ, ಸಾಲೊಮನ್‌ನ 7.2 ಲಕ್ಷ ಜನರನ್ನು ಕೂಡಿಸಿದರೆ ತಲೆಗೆ 12.8 ಆಸ್ಟ್ರೇಲಿಯನ್ ಡಾಲರ್, ಸುಮಾರು 700 ರೂ. ಪೂರ್ವ ಮೈಕ್ರೋನೇಷ್ಯಾದ 80,750 ರೂ. ಎದುರು ಇದು ನೂರನೇ ಒಂದು ಭಾಗಕ್ಕೂ ಕಡಿಮೆ. ಸಾಲೊಮನ್ ತನ್ನ ಕೇಬಲ್ ತಾನೇ ಹಾಸಿದ್ದರೆ ಈ ಅಂಕಿ ಬರುತ್ತಿರಲಿಲ್ಲ. ದೊಡ್ಡ ನೆರೆಯ ದೇಶದ 1 ಕೋಟಿ ತಲೆಗಳು ಅದರ ಛೇದಕ್ಕೆ ಸೇರಿದವು.

ಛೇದ ದೊಡ್ಡದಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿಯುವೇ ದೇಶವನ್ನು ನೋಡಬೇಕು. ಅಲ್ಲಿನ ಜನಸಂಖ್ಯೆ ಸುಮಾರು 1,700. ನಮ್ಮ ಒಂದು ಸಾಧಾರಣ ಹಳ್ಳಿ. ಹತ್ತಿರದ ನೆರೆಯವರೆಗೆ 500 ಕಿ.ಮೀ. ಎಂದು ಹಿಡಿದು, ಪೂರ್ವ ಮೈಕ್ರೋನೇಷ್ಯಾದ ಕಿಲೋಮೀಟರ್ ದರ ಹಾಕಿದರೆ ನಿಯುವೇಯ ಸ್ವಂತ ಕೇಬಲ್‌ಗೆ 2.1 ಕೋಟಿ ಡಾಲರ್ ಬೇಕು. ತಲೆಗೆ 12,400 ಡಾಲರ್, ಅಂದರೆ 10.5 ಲಕ್ಷ ರೂ. ಯಾವ ಕಂಪನಿಯೂ ಈ ಕೆಲಸಕ್ಕೆ ಬರುವುದಿಲ್ಲ. ಆದರೂ ನಿಯುವೇಗೆ ಕೇಬಲ್ ಬಂದಿದೆ. ಸಮೋವಾ, ನಿಯುವೇ, ಕುಕ್ ದ್ವೀಪಗಳು, ಫ್ರೆಂಚ್ ಪಾಲಿನೇಷ್ಯಾ ಈ ನಾಲ್ಕೂ ಕೂಡಿ ಸುಮಾರು 3,600 ಕಿ.ಮೀ. ಉದ್ದದ ಮನಾಟುಆ ಕೇಬಲ್ ಹಾಸಿದವು. 2020ರಲ್ಲಿ ಅದು ಸಿದ್ಧವಾಯಿತು. ಸಮೋವಾದಿಂದ ಟಹೀಟಿಯ ಕಡೆ ಸಾಗುವ ಕೇಬಲ್‌ಗೆ ನಿಯುವೇ ನಡುದಾರಿಯ ಒಂದು ಕವಲು. 1,700 ಜನರ ದೇಶಕ್ಕೆ ಇಡೀ ದಾರಿ ಕಟ್ಟುವ ಶಕ್ತಿ ಇರಲಿಲ್ಲ. ಕವಲಿನಷ್ಟು ಪಾಲು ಸಾಕಾಯಿತು.

ಕವಲು ಎಂಬುದು ಇಲ್ಲಿ ತಾಂತ್ರಿಕ ಪದವೂ ಹೌದು. ಮುಖ್ಯ ಕೇಬಲ್‌ಗೆ ನಡುಸಮುದ್ರದಲ್ಲೇ ಕವಲು ಘಟಕವೊಂದನ್ನು ಕೂಡಿಸಿಟ್ಟರೆ, ಅಲ್ಲಿಂದ ಪಕ್ಕದ ದ್ವೀಪಕ್ಕೆ ಉಪಕೇಬಲ್ ಎಳೆಯಬಹುದು. ಸುಮಾರು 18,000 ಜನರಿರುವ ಪಲಾವು ಎರಡನೆಯ ಕೇಬಲ್ ಪಡೆಯುವ ದಾರಿ ಇದೇ: ಅಮೆರಿಕದಿಂದ ಸಿಂಗಪುರಕ್ಕೆ ಹೋಗುವ ಎಕೋ ಕೇಬಲ್‌ನ ಒಂದು ಕವಲು. 2020ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ಯೋಜನೆಯ ಮೊತ್ತ 3 ಕೋಟಿ ಡಾಲರ್. ಆಸ್ಟ್ರೇಲಿಯಾ, ಜಪಾನ್, ಅಮೆರಿಕ ಕೈಜೋಡಿಸಿದವು. ತಲೆಗೆ 1,667 ಡಾಲರ್, ಅಂದರೆ 1.42 ಲಕ್ಷ ರೂ. ಈ ಅಂಕಿ ಲಕ್ಷದ್ವೀಪದ ಹತ್ತಿರ ಬರುತ್ತದೆ, ಆದರೆ ಒಂದು ವ್ಯತ್ಯಾಸವಿದೆ. ಲಕ್ಷದ್ವೀಪದ ಹಣ ಮೊದಲ ಕೇಬಲ್‌ಗೆ. ಪಲಾವುವಿನದು 2017ರಲ್ಲಿ ಬಂದ ಮೊದಲ ಕೇಬಲ್ ತುಂಡಾದಾಗ ಆಸರೆಯಾಗುವ ಎರಡನೆಯದಕ್ಕೆ. ಘೋಷಣೆಯಾಗಿ 15 ತಿಂಗಳಲ್ಲೇ ಟೊಂಗಾದ ಏಕೈಕ ಕೇಬಲ್ ತುಂಡಾಯಿತು.

ಕವಲಿನ ಸರದಿಯಲ್ಲಿ ಕೊನೆಗೆ ನಿಂತದ್ದು ಟುವಾಲು. ಜನ ಸುಮಾರು 11,000. ಸಮುದ್ರ ಕೇಬಲ್ ಇಲ್ಲದೆ ಉಪಗ್ರಹವನ್ನೇ ನಂಬಿ ದಶಕಗಳನ್ನು ಕಳೆದ ದೇಶ. ಅಂತರ್ಜಾಲದಲ್ಲಿ ವಿಡಿಯೊ ತಾಣಗಳು ಬಳಸುವ ‘ಡಾಟ್ ಟಿವಿ’ ಎಂಬ ವಿಳಾಸದ ಬಾಲ ಇದೇ ದೇಶದ ಸೊತ್ತು, ಅದರ ಪರವಾನಗಿ ಶುಲ್ಕ ಸರ್ಕಾರದ ಮುಖ್ಯ ಆದಾಯಗಳಲ್ಲಿ ಒಂದು. ಜಗತ್ತಿನ ವಿಡಿಯೊಗಳಿಗೆ ಹೆಸರು ಬಾಡಿಗೆ ಕೊಟ್ಟ ನಾಡಿನ ಮಕ್ಕಳಿಗೆ ಅದೇ ವಿಡಿಯೊ ತೆರೆದುಕೊಳ್ಳುತ್ತಿರಲಿಲ್ಲ ಎಂಬುದು ಮನಸ್ಸಿಗೆ ನೋವಿನ ಸಂಗತಿ. ಆಸ್ಟ್ರೇಲಿಯಾ, ಜಪಾನ್, ನ್ಯೂಜಿಲೆಂಡ್, ತೈವಾನ್, ಅಮೆರಿಕ ಸೇರಿ ನೆರವು ನೀಡುತ್ತಿರುವ ವಾಕಾ ಕೇಬಲ್ ಆ ದೇಶಕ್ಕೆ ಮೊದಲನೆಯದು. 11,000 ಜನರಿಗೆ ಐದು ಬೊಕ್ಕಸ, 2,200 ಜನರಿಗೊಂದು.

ಉಪಗ್ರಹ ಸಾಲದೇ ಎಂಬ ಪ್ರಶ್ನೆಗೆ ದಕ್ಷಿಣ ಏಷ್ಯಾದ ಅನುಭವ ನೆರವಾಗುತ್ತದೆ. ನೆರೆಯ ದೇಶಗಳಿಗೆಂದು ಭಾರತ ರೂಪಿಸಿದ ಜಿಸ್ಯಾಟ್–9, ಅಂದರೆ ದಕ್ಷಿಣ ಏಷ್ಯಾ ಉಪಗ್ರಹ, 2017ರ ಮೇ 5ರಂದು ಶ್ರೀಹರಿಕೋಟದಿಂದ ಹಾರಿತು. ತೂಕ 2,230 ಕಿಲೊ. ಉಪಗ್ರಹದ ವೆಚ್ಚ 235 ಕೋಟಿ ರೂ.; 12 ಟ್ರಾನ್ಸ್‌ಪಾಂಡರ್‌ಗಳು. ನೆಲದಿಂದ ಬಂದ ಸಂಕೇತವನ್ನು ಪಡೆದು ಮರಳಿ ನೆಲಕ್ಕೆ ಕಳಿಸುವ ಸಾಧನವೇ ಟ್ರಾನ್ಸ್‌ಪಾಂಡರ್. ಅದನ್ನು ಕಕ್ಷೆಯಲ್ಲಿ ನೆಲೆಗೊಳಿಸಿದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಇಂಥ ಒಂದು ಟ್ರಾನ್ಸ್‌ಪಾಂಡರ್ ಸಾಗಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬಿಟ್‌ನ ಆಸುಪಾಸು. ಹನ್ನೆರಡೂ ಸೇರಿದರೆ ಒಂದೂಕಾಲು ಗಿಗಾಬಿಟ್ ಇರಬಹುದು. ಕೋರಲ್ ಸೀ ಕೇಬಲ್ ಸಾಲೊಮನ್‌ಗೆ ಮಾತ್ರವೇ ಒಯ್ಯಬಲ್ಲದ್ದು 20 ಟೆರಾಬಿಟ್, ಅಂದರೆ 20,000 ಗಿಗಾಬಿಟ್. ಭೂತಾನಿನ ಕಣಿವೆಗೂ ಪ್ರವಾಹದಲ್ಲಿ ತಂತಿ ಕಡಿದುಹೋದ ಊರಿಗೂ ಉಪಗ್ರಹ ಬೇಕೇ ಬೇಕು. ದೇಶದ ದಿನನಿತ್ಯದ ಸಂಚಾರವನ್ನು ಹೊರುವ ಕೆಲಸ ಅದರಿಂದ ಆಗದು.

ದೂರದ ಅಂಕಿ ಇನ್ನೊಂದಿದೆ. ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಸಂಕೇತ ಮೇಲೆ ಹೋಗಿ ಕೆಳಗಿಳಿದು, ಉತ್ತರ ಅದೇ ದಾರಿಯಲ್ಲಿ ಮರಳಲು ಸುಮಾರು 480 ಮಿಲಿಸೆಕೆಂಡ್ ಬೇಕು. 827 ಕಿ.ಮೀ. ಗಾಜಿನ ತಂತುವಿನಲ್ಲಿ ಹೋಗಿಬರಲು 8 ಮಿಲಿಸೆಕೆಂಡ್ ಸಾಕು. ಕೆಳಕಕ್ಷೆಯ ಹೊಸ ಉಪಗ್ರಹಗಳು ಈ ಅಂತರವನ್ನು ಬಹಳ ತಗ್ಗಿಸಿವೆ. ಟೊಂಗಾದ ಸಂಕಟದಲ್ಲೂ ಸ್ಟಾರ್‌ಲಿಂಕ್ ಟರ್ಮಿನಲ್‌ಗಳು ನೆರವಾದವು.

ಸಹಕಾರದ ಅಗ್ಗದ ರೂಪವೊಂದು ನಮ್ಮ ಈಶಾನ್ಯದಲ್ಲಿ ನಡೆಯಿತು. 2016ರ ಮಾರ್ಚ್ 23ರಂದು ಬಾಂಗ್ಲಾದೇಶದ ಕಾಕ್ಸ್ ಬಜಾರ್ ದಡದಿಂದ ಅಖೌರಾ ಗಡಿಯ ಮೂಲಕ ಅಗರ್ತಲಾಕ್ಕೆ 10 ಗಿಗಾಬಿಟ್ ಸಂಪರ್ಕ ಬಂತು. ದರ ಮೆಗಾಬಿಟ್‌ಗೆ ತಿಂಗಳಿಗೆ 10 ಡಾಲರ್. ವರ್ಷಕ್ಕೆ 12 ಲಕ್ಷ ಡಾಲರ್, ಅಂದರೆ 10.2 ಕೋಟಿ ರೂ. ಮುಂಬೈ, ಚೆನ್ನೈ ನಂತರ ಅಗರ್ತಲಾ ಭಾರತದ ಮೂರನೆಯ ಅಂತರರಾಷ್ಟ್ರೀಯ ದ್ವಾರವಾಯಿತು. ಕೋಲ್ಕತ್ತಾದಿಂದ ಸಿಲಿಗುರಿ ಸುತ್ತಿ ಅಗರ್ತಲಾಕ್ಕೆ ರಸ್ತೆದಾರಿ ಸುಮಾರು 1,600 ಕಿ.ಮೀ.; ಅಗರ್ತಲಾದಿಂದ ಗಡಿ ಕೆಲವೇ ಕಿಲೋಮೀಟರ್. ಹೊಸ ಕೇಬಲ್ ಹಾಸದೆ, ನೆರೆಯವರ ದಡದಲ್ಲಿ ಮೊದಲೇ ಇದ್ದ ಕೇಬಲ್‌ನ ಮಿಕ್ಕ ಸಾಮರ್ಥ್ಯವನ್ನು ಕೊಂಡದ್ದರಿಂದ ಈ ಬೆಲೆಗೆ ಆಯಿತು. ಇಂಥ ದಾರಿಗೆ ಬೇಕಾದ ಬಂಡವಾಳ ಎರಡು ಸರ್ಕಾರಗಳ ನಡುವಿನ ಸಂಬಂಧ. ಅದು ಕೆಟ್ಟರೆ ದಾರಿಯೂ ಇಕ್ಕಟ್ಟಾಗುತ್ತದೆ.

ಕೇಬಲ್ ದಡ ಸೇರಿದ ಮೇಲಿನ ಲೆಕ್ಕ ಬೇರೆ, ಮತ್ತು ಅದು ಇನ್ನೂ ಕಠಿಣ. ಪಪುವಾ ನ್ಯೂ ಗಿನಿಗೆ ಕೋರಲ್ ಸೀ ಕೇಬಲ್ ಕೊಡಬಲ್ಲದ್ದು 20 ಟೆರಾಬಿಟ್. 2018ರಲ್ಲಿ ಆ ದೇಶದಲ್ಲಿ ವಿದ್ಯುತ್ ತಲುಪಿದ್ದದ್ದು ಸುಮಾರು ಶೇ. 13 ಜನರಿಗೆ. ಆ ವರ್ಷ ಆಸ್ಟ್ರೇಲಿಯಾ, ಜಪಾನ್, ನ್ಯೂಜಿಲೆಂಡ್, ಅಮೆರಿಕ ಸೇರಿ 2030ರೊಳಗೆ ಶೇ. 70ಕ್ಕೆ ಮುಟ್ಟಿಸುವ ಗುರಿಗೆ ಸಹಿ ಹಾಕಿದವು. ಫೋನ್ ಚಾರ್ಜ್ ಆಗದ ಮನೆಗೆ ಟೆರಾಬಿಟ್ ತಲುಪುವುದಿಲ್ಲ. ಹಿಂದೆ ಹೇಳಿದ ತಲಾ 700 ರೂ. ಅಂಕಿಯನ್ನು ಈ ಕಾರಣಕ್ಕೆ ಎಚ್ಚರದಿಂದ ಓದಬೇಕು. ಅದರ ಛೇದದಲ್ಲಿರುವ 1 ಕೋಟಿ ಜನರಲ್ಲಿ ಹಲವರ ಊರಿಗೆ ಕೇಬಲ್‌ನ ಬೆಳಕು ಇನ್ನೂ ಹೋಗಿಲ್ಲ.

ಕೊನೆಯ ಮೈಲಿಯ ಬೆಲೆ ಎಷ್ಟು ಎಂಬ ಅಂದಾಜು 2022ರ ಜುಲೈನಲ್ಲಿ ಮುಗಿದ ಒಂದು ವ್ಯವಹಾರದಿಂದ ಸಿಗುತ್ತದೆ. ಆರು ಪೆಸಿಫಿಕ್ ದೇಶಗಳಲ್ಲಿ ಮೊಬೈಲ್ ಸೇವೆ ನೀಡುವ ಡಿಜಿಸೆಲ್ ಪೆಸಿಫಿಕ್ ಅನ್ನು ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ 160 ಕೋಟಿ ಡಾಲರಿಗೆ ಕೊಂಡಿತು. ಅದರಲ್ಲಿ 133 ಕೋಟಿ ಡಾಲರ್, ಅಂದರೆ ಶೇ. 83, ಆಸ್ಟ್ರೇಲಿಯಾ ಸರ್ಕಾರ ಒದಗಿಸಿದ್ದು. ಇಷ್ಟು ಹಣದಲ್ಲಿ ಪೂರ್ವ ಮೈಕ್ರೋನೇಷ್ಯಾದಂಥ 14 ಕೇಬಲ್ ಹಾಸಬಹುದಿತ್ತು. ಗೋಪುರಗಳು, ಗ್ರಾಹಕರು, ಪರವಾನಗಿಗಳು ಬೇರೆಯವರ ಕೈಗೆ ಹೋಗಬಾರದು ಎಂಬ ಎಣಿಕೆ ಆ ಬೆಲೆಯಲ್ಲಿ ಸೇರಿದೆ. ಗ್ರಾಹಕರಿಗೆ ಡೇಟಾ ಎಷ್ಟು ಅಗ್ಗವಾಯಿತು ಎಂಬುದರಿಂದಲೇ ಅದನ್ನು ಅಳೆಯಬೇಕು. ಅಳೆಯಲು ಒಪ್ಪಿತ ಮಾನದಂಡವೂ ಇದೆ: ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ 2018ರಲ್ಲಿ ಇಟ್ಟ ಗುರಿಯಂತೆ, ಆರಂಭಿಕ ಮಟ್ಟದ ಬ್ರಾಡ್‌ಬ್ಯಾಂಡ್ ಬೆಲೆ ತಲಾ ಮಾಸಿಕ ರಾಷ್ಟ್ರೀಯ ಆದಾಯದ ಶೇ. 2ಕ್ಕಿಂತ ಕಡಿಮೆ ಇರಬೇಕು.

ಉಳಿದದ್ದು ದುರಸ್ತಿಯ ಬಾಬ್ತು. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಸಮುದ್ರ ಕೇಬಲ್ ದೋಷಗಳು ಕಾಣಿಸುತ್ತವೆ, ಶೇ. 70ರಿಂದ 80ಕ್ಕೆ ಕಾರಣ ಮೀನುಬಲೆ ಮತ್ತು ಲಂಗರು. ದೊಡ್ಡ ದೇಶದಲ್ಲಿ ಸಂಚಾರ ಬೇರೆ ಕೇಬಲ್‌ಗೆ ಹೊರಳುವುದರಿಂದ ಗ್ರಾಹಕನಿಗೆ ಅದು ತಿಳಿಯುವುದೇ ಇಲ್ಲ. ಒಂದೇ ಕೇಬಲ್ ಇರುವಲ್ಲಿ ಅದೇ ದೋಷ ದೇಶವನ್ನೇ ಕತ್ತಲಿಗೆ ತಳ್ಳುತ್ತದೆ. ಹಡಗು ಮತ್ತು ಬಿಡಿ ಕೇಬಲ್ ದಾಸ್ತಾನು ತಾನೊಂದೇ ಇಟ್ಟುಕೊಳ್ಳುವ ಶಕ್ತಿ 1 ಲಕ್ಷ ಜನರ ದೇಶಕ್ಕಿಲ್ಲ. ದಕ್ಷಿಣ ಪೆಸಿಫಿಕ್‌ನ ಕೇಬಲ್ ಒಡೆಯರು ದುರಸ್ತಿ ಹಡಗನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದಾರೆ. 2022ರಲ್ಲಿ ಟೊಂಗಾಕ್ಕೆ ಬಂದ ‘ರಿಲಯನ್ಸ್’ ಎಂಬ ಹಡಗು ಆಗ ಪೋರ್ಟ್ ಮೋರ್ಸ್‌ಬಿಯಲ್ಲಿತ್ತು, ಸಾವಿರಾರು ಕಿಲೋಮೀಟರ್ ದೂರ. ಆದರೂ 38 ದಿನಕ್ಕೆ ಕೆಲಸ ಮುಗಿಯಿತು.

ಹಡಗಿದ್ದೂ ಕೇಬಲ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಟೊಂಗಾದೊಳಗೇ ಕಂಡಿತು. ಮುಖ್ಯ ದ್ವೀಪದಿಂದ ವಾವಾಉವಿಗೆ ಹೋಗುವ ಸುಮಾರು 410 ಕಿ.ಮೀ. ಆಂತರಿಕ ಕೇಬಲ್ ಕೂಡ ಅದೇ ಸಂಜೆ ತುಂಡಾಗಿತ್ತು. ಅಂತರರಾಷ್ಟ್ರೀಯ ಕೇಬಲ್ ಜೋಡಿಸಿದ ಮೇಲೆ ಇದಕ್ಕೆ ಸಾಲುವಷ್ಟು ಬಿಡಿ ಕೇಬಲ್ ಉಳಿದಿರಲಿಲ್ಲ. ಹೊಸದು ತಯಾರಾಗಿ ಬರಬೇಕಾಯಿತು. ವಾವಾಉವಿನ ಸುಮಾರು 14,000 ಜನರಿಗೆ ಕೇಬಲ್ ಮರಳಿದ್ದು 2023ರ ಜುಲೈನಲ್ಲಿ. ರಾಜಧಾನಿ ಕಾದದ್ದು 38 ದಿನ, ವಾವಾಉ ಕಾದದ್ದು 18 ತಿಂಗಳು.